ಮೂರು ಹುಣಸೆ ಬೀಜದ ಆಟ: ಸಂಘದಲ್ಲಿ ಯಾರಿಗೆ ಏನು ಬರುತ್ತೆ ಅಂತ ತಿಳಿಯುವ ಬಗೆ

"ನಿಮ್ಮ ನಿಮ್ಮ ಸಾಮರ್ಥ್ಯ ಏನು ಅಂತ ಒಬ್ಬೊಬ್ಬರಾಗಿ ಹೇಳಿ ನೋಡೋಣ" ಅಂದೆ. ಜಮಖಾನದ ಮೇಲೆ ಕೂತಿದ್ದ ಹನ್ನೆರಡು ಜನರಲ್ಲಿ ಹತ್ತು ಜನ ನೆಲ ನೋಡಿದರು. ನಮ್ಮ ಮಹಿಳಾ ಸ್ವಸಹಾಯ ಸಂಘದ ಪ್ರತಿನಿಧಿ ಮಾತ್ರ ತಾವು ಸಂಘವನ್ನು ಎಷ್ಟು ಕಷ್ಟಪಟ್ಟು ನಡೆಸುತ್ತಿದ್ದೇವೆ ಅಂತ ಹತ್ತು ನಿಮಿಷ ಹೇಳಿದರು. ಕೊನೆಗೆ ಮೂಲೆಯಲ್ಲಿ ಕಂಬಕ್ಕೆ ಒರಗಿದ್ದ ಅಜ್ಜಿ, "ನಮಗೇನು ಬತ್ತದವ್ವ, ಮುದ್ದೆ ತಿರುವೋದು, ಸಗಣಿ ಬಾಚೋದು" ಅಂದರು. ಎಲ್ಲರೂ ನಕ್ಕರು. ಅಲ್ಲಿಗೆ ಸಭೆ ಮುಗಿಯಿತು.

ನಾನು ಎಂಬಿಕೆ, ಅಂದರೆ ಪಂಚಾಯಿತಿ ಒಕ್ಕೂಟದ ಮುಖ್ಯ ಪುಸ್ತಕ ಬರಹಗಾರ್ತಿ, ಆದ ಹೊಸದರಲ್ಲಿ ನಡೆದದ್ದು ಇದು. ತುಮಕೂರು ಜಿಲ್ಲೆಯ ಒಂದು ಹಳ್ಳಿ ನಮ್ಮದು. 2000-01ರಲ್ಲಿ ಸ್ತ್ರೀಶಕ್ತಿ ಯೋಜನೆ ಬಂದಾಗ ಅಂಗನವಾಡಿ ಟೀಚರು ಮನೆಮನೆಗೆ ಹೋಗಿ ಸಂಘಗಳನ್ನು ಕಟ್ಟಿದರಲ್ಲ, ಆ ಕಾಲದಲ್ಲಿ ಹುಟ್ಟಿದ ಸಂಘಗಳಲ್ಲಿ ನಮ್ಮದೂ ಒಂದು. ಆಮೇಲೆ ಸರ್ಕಾರದ ಸಂಜೀವಿನಿ ಯೋಜನೆಯಲ್ಲಿ, ಪಂಚಾಯಿತಿಯ ಸಂಘಗಳು ಕೂಡುವ ಒಕ್ಕೂಟಕ್ಕೆ ಸೇರಿದೆವು. ಪಂಚಸೂತ್ರ ನಮ್ಮಲ್ಲಿ ಎಲ್ಲರಿಗೂ ಬಾಯಿಪಾಠ: ತಪ್ಪದೆ ಸಭೆ, ತಪ್ಪದೆ ಉಳಿತಾಯ, ತಪ್ಪದೆ ಆಂತರಿಕ ಸಾಲ, ಹೊತ್ತಿಗೆ ಸರಿಯಾಗಿ ಮರುಪಾವತಿ, ಅವತ್ತಿನದು ಅವತ್ತೇ ಪುಸ್ತಕ ಬರವಣಿಗೆ. ಐದಕ್ಕೆ ಐದೂ ಪಾಲಿಸುತ್ತಿದ್ದೆವು. ಆದರೆ ನಮ್ಮ ಹನ್ನೆರಡು ಜನರಲ್ಲಿ ಯಾರಿಗೆ ಯಾವ ಕೆಲಸ ಕೈಹತ್ತುತ್ತದೆ ಅಂತ ಒಂದು ಪುಸ್ತಕದಲ್ಲೂ ಇರಲಿಲ್ಲ.

ಇಲ್ಲದ್ದರ ನಷ್ಟ ಆ ವರ್ಷದ ಬೇಸಿಗೆಯಲ್ಲೇ ತಿಳಿಯಿತು. ನಮ್ಮ ಕಡೆ ಹುಣಸೆ ಜಾಸ್ತಿ, ತುಮಕೂರಿನ ಮಂಡಿಯೂ ಹುಣಸೆಹಣ್ಣಿಗೆ ಹೆಸರಾದದ್ದು. ಸಂಘದ ದುಡ್ಡಿನಲ್ಲಿ ಕಾಯಿ ಕೊಂಡು, ಬಡಿದು, ಬೀಜ ಬಿಡಿಸಿ, ಹಣ್ಣು ಮಾರೋಣ ಅಂತ ತೀರ್ಮಾನ ಮಾಡಿದೆವು. ಕೊಳ್ಳಲು ಹೋದದ್ದು ಪ್ರತಿನಿಧಿ. ಯಾಕೆ ಅವರೇ? ಪ್ರತಿನಿಧಿ ಅಂತ. 100 ಕೆಜಿ ಕಾಯಿಗೆ ಸುಮಾರು 55 ಕೆಜಿ ತಿರುಳು, 34 ಕೆಜಿ ಬೀಜ, ಉಳಿದದ್ದು ಸಿಪ್ಪೆ, ನಾರು. ನಮಗೆ ಕ್ವಿಂಟಾಲಿಗೆ ಒಣ ತಿರುಳು ಸಿಕ್ಕಿದ್ದು 46 ಕೆಜಿ. ಮೂಟೆಗೆ ನೀರು ಹೊಡೆದು ತೂಕ ಹಾಕಿದ್ದರು. ಮೂಟೆ ಇಳಿಸಿದ ದಿನವೇ ಕಂಬಕ್ಕೆ ಒರಗುವ ಅಜ್ಜಿ ಮನೆಗೆ ಹೋಗಿ ಸೊಸೆಗೆ ಹೇಳಿದ್ದರಂತೆ: "ನೀರು ಹೊಡ್ದವ್ರೆ ಕಣೆ." ಮೂವತ್ತು ಬೇಸಿಗೆ ಕೂಲಿಗೆ ಹುಣಸೆಬೀಜ ಬಿಡಿಸಿದ ಕೈ ಅದು. ಸಂಘದಲ್ಲಿ ಯಾಕೆ ಹೇಳಲಿಲ್ಲ ಅಂತ ಕೇಳಿದರೆ, "ನನ್ನ ಯಾರು ಕೇಳಿದ್ರು?" ಅಂದರು.

ಈ ಆಟ ಶುರುವಾದದ್ದು ಆಮೇಲೆ. ಈಗ ನಮ್ಮ ಒಕ್ಕೂಟದ ಬಹಳಷ್ಟು ಸಂಘಗಳಲ್ಲಿ ಆಡಿಸಿದ್ದೇನೆ. ಬೇರೆ ಕಡೆಯವರು ಕೇಳುತ್ತಿರುತ್ತಾರೆ, ಅದಕ್ಕೆ ಬರೆಯುತ್ತಿದ್ದೇನೆ.

ಬೇಕಾದ ಸಾಮಾನು ಕಮ್ಮಿ. ತಲೆಗೆ ಮೂರರಂತೆ ಹುಣಸೆ ಬೀಜ, ಹನ್ನೆರಡು ಜನಕ್ಕೆ 36. ತಲೆಗೊಂದು ತೆಂಗಿನ ಚಿಪ್ಪು. ಒಂದು ಹಿಡಿ ರಂಗೋಲಿ ಪುಡಿ. ಬರೆದುಕೊಳ್ಳಲು ಒಂದು ನೋಟ್‌ಬುಕ್. ಬೀಜ ಇಟ್ಟು ಆಡಿಸುವುದು ನನ್ನ ಹೊಸ ಬುದ್ಧಿಯೇನಲ್ಲ. 1980ರ ದಶಕದ ಕೊನೆಯಿಂದಲೇ ಮೈರಾಡದಂಥ ಸಂಸ್ಥೆಗಳು ನಮ್ಮ ರಾಜ್ಯದ ಹಳ್ಳಿಗಳಲ್ಲಿ ಜನರನ್ನೇ ಕೂರಿಸಿಕೊಂಡು ನೆಲದ ಮೇಲೆ ಊರಿನ ನಕ್ಷೆ ಬಿಡಿಸುತ್ತಿದ್ದವು. ಪಿಆರ್‌ಎ, ಅಂದರೆ ಗ್ರಾಮೀಣ ಸಹಭಾಗಿತ್ವ ಸಮೀಕ್ಷೆ, ಅನ್ನುತ್ತಾರೆ ಅದಕ್ಕೆ. ಕಾಳು, ಕಲ್ಲು, ರಂಗೋಲಿ, ಸೊಪ್ಪುಸದೆ, ಕೈಗೆ ಸಿಕ್ಕಿದ್ದರಲ್ಲೇ ಲೆಕ್ಕ. ಓದು ಬಾರದವರೂ ಓದಿದವರ ಸಮಕ್ಕೆ ಕೂತು ಮಾತಾಡಬಹುದು. ಪೆನ್ನು, ಚೀಟಿ ಹಂಚಿದರೆ ಮೊದಲ ನಿಮಿಷದಲ್ಲೇ ಅರ್ಧ ಜನ ಹಿಂದೆ ಸರಿಯುತ್ತಾರೆ, ನಾನು ನೋಡಿದ್ದೇನೆ.

ವಾರದ ಸಭೆಯಲ್ಲಿ ಇದನ್ನು ತುರುಕಬೇಡಿ. ಒಂದು ಬೀಜಕ್ಕೆ ಎರಡು ನಿಮಿಷ ಅಂದರೂ 36 ಬೀಜಕ್ಕೆ 72 ನಿಮಿಷ, ಆಮೇಲೆ ಕೆಲಸ ಹಂಚುವುದಕ್ಕೆ ಇನ್ನೊಂದು ಮುಕ್ಕಾಲು ಗಂಟೆ. ನಾನು ಅಮಾವಾಸ್ಯೆ ದಿನ ಇಟ್ಟುಕೊಳ್ಳುತ್ತೇನೆ. ನಮ್ಮ ಕಡೆ ಅವತ್ತು ಆರು ಕಟ್ಟುವುದಿಲ್ಲ, ಅಂದರೆ ಹೊಲ ಉಳುವುದಿಲ್ಲ, ಕೂಲಿಗೆ ಹೋಗುವವರೂ ಕಮ್ಮಿ. ಮಧ್ಯಾಹ್ನ ಊಟ ಆಗಿ, ಸಂಜೆ ಹಾಲು ಕರೆಯುವ ಹೊತ್ತಿನೊಳಗೆ ಮುಗಿಯಬೇಕು. ಹಾಲಿನ ಹೊತ್ತು ಮೀರಿದರೆ ಎಂಥ ಆಟವಾದರೂ ಸರಿ, ಎದ್ದು ಹೋಗುತ್ತಾರೆ. ಹೋಗಲೂಬೇಕು, ಡೈರಿಯವನು ಕಾಯುವುದಿಲ್ಲ.

ಕೂರುವುದು ದುಂಡಗೆ, ನೆಲದ ಮೇಲೆ. ಪ್ರತಿನಿಧಿಗೂ ಕುರ್ಚಿ ಬೇಡ, ನಿಮಗೂ ಬೇಡ. ಮಂಡಿ ನೋವಿನವರಿಗೆ ಮಣೆ ಕೊಡಿ. ಎಲ್ಲರ ಮುಂದೆ ಒಂದೊಂದು ಖಾಲಿ ಚಿಪ್ಪು, ಕೈಯಲ್ಲಿ ಮೂರು ಮೂರು ಬೀಜ.

ಈಗ ಆಟ. ಪ್ರತಿಯೊಬ್ಬರೂ ತಮ್ಮ ಬಲಕ್ಕೆ ಎಣಿಸಬೇಕು. ಮೊದಲ ಸುತ್ತಿನಲ್ಲಿ ಬಲಕ್ಕೆ ಒಂದನೆಯವರ ಬಗ್ಗೆ ಹೇಳಿ ಅವರ ಚಿಪ್ಪಿಗೆ ಒಂದು ಬೀಜ. ಎರಡನೇ ಸುತ್ತಿನಲ್ಲಿ ಮೂರನೆಯವರಿಗೆ. ಮೂರನೇ ಸುತ್ತಿನಲ್ಲಿ ಐದನೆಯವರಿಗೆ. ಇಷ್ಟೆ. ಎಂಟು ಅಥವಾ ಅದಕ್ಕಿಂತ ಹೆಚ್ಚು ಎಷ್ಟೇ ಜನ ಇರಲಿ, ಒಬ್ಬೊಬ್ಬರ ಚಿಪ್ಪಿಗೂ ಕೊನೆಯಲ್ಲಿ ಸರಿಯಾಗಿ ಮೂರೇ ಬೀಜ ಬಂದಿರುತ್ತವೆ.

ಈ ಎಣಿಕೆ ಸುಮ್ಮನೆ ಬಂದದ್ದಲ್ಲ. ಮೊದಲ ಸಲ ನಾನು "ನಿಮಗೆ ಇಷ್ಟ ಬಂದವರಿಗೆ ಹಾಕಿ" ಅಂದಿದ್ದೆ. ಒಬ್ಬರ ಚಿಪ್ಪು ತುಂಬಿ ಚೆಲ್ಲಿತು. ಇಬ್ಬರ ಚಿಪ್ಪಿನಲ್ಲಿ ಒಂದೂ ಇಲ್ಲ. ಆ ಇಬ್ಬರಲ್ಲಿ ಒಬ್ಬರು ಮುಂದಿನ ಎರಡು ವಾರ ಸಭೆಗೆ ಬರಲಿಲ್ಲ, ಉಳಿತಾಯದ ದುಡ್ಡನ್ನು ಮಗಳ ಕೈಲಿ ಕಳಿಸಿದರು. ನಾನೇ ಮನೆಗೆ ಹೋಗಿ, ಅವರು ಕೊಟ್ಟ ಟೀ ಕುಡಿದು, ತಪ್ಪು ನಂದು ಅಂತ ಒಪ್ಪಿಕೊಂಡು ಕರೆದುಕೊಂಡು ಬರಬೇಕಾಯಿತು. ಗುಂಪು ಕಟ್ಟಲು ಹೋಗಿ ಗುಂಪು ಒಡೆಯುವ ಆಟ ಆಗಿತ್ತು ಅದು. ಬೀಜ ಹಾಕುವ ಆಯ್ಕೆಯನ್ನು ಜನರ ಕೈಗೆ ಕೊಡಲೇಬೇಡಿ.

ಕೂರಿಸುವಾಗ ಇನ್ನೊಂದು ನೋಡಿಕೊಳ್ಳಿ. ಒಂದೇ ಸಂಘದಲ್ಲಿ ಅತ್ತೆ ಸೊಸೆ, ವಾರಗಿತ್ತಿಯರು ಇರುತ್ತಾರೆ. ಸಾಲದ ವಿಷಯಕ್ಕೆ ಮಾತು ಬಿಟ್ಟವರೂ ಇರುತ್ತಾರೆ. ಅತ್ತೆಯ ಎದುರು ಸೊಸೆ ಏನು ಹೇಳಿದರೂ ರಾತ್ರಿ ಮನೆಯಲ್ಲಿ ಅದಕ್ಕೊಂದು ಅರ್ಥ ಹುಟ್ಟುತ್ತದೆ. ಅಂಥ ಇಬ್ಬರ ನಡುವೆ ಸರಿಯಾಗಿ ಒಬ್ಬರನ್ನು ಕೂರಿಸಿ. ಒಂದು, ಮೂರು, ಐದರ ಲೆಕ್ಕದಲ್ಲಿ ಇವರಿಂದ ಅವರಿಗೂ ಅವರಿಂದ ಇವರಿಗೂ ಸರದಿ ಬರುವುದೇ ಇಲ್ಲ. ಎಂಟು ಜನಕ್ಕಿಂತ ಕಮ್ಮಿ ಇದ್ದರೆ ಈ ಉಪಾಯ ನಡೆಯುವುದಿಲ್ಲ, ಆಗ ಒಂದು ಮತ್ತು ಮೂರು, ಎರಡೇ ಸುತ್ತು ಸಾಕು.

ಏನು ಹೇಳಬೇಕು ಅನ್ನುವುದರಲ್ಲಿ ಇಡೀ ಆಟ ನಿಂತಿದೆ. ತಮ್ಮ ಬಗ್ಗೆ ತಾವು ಹೇಳಿಕೊಳ್ಳುವಂತಿಲ್ಲ. ಇನ್ನೊಬ್ಬರ ಬಗ್ಗೆಯೂ ಒಳ್ಳೆಯವಳು, ಜಾಣೆ, ಧೈರ್ಯವಂತೆ ಅಂತ ಬರೀ ಗುಣದ ಹೆಸರು ಹೇಳುವಂತಿಲ್ಲ. ಅವರು ಏನೋ ಒಂದು ಮಾಡಿದ್ದನ್ನು ನೀವು ಕಣ್ಣಾರೆ ಕಂಡಿರಬೇಕು, ಅದನ್ನು ಹೇಳಬೇಕು. ಯಾವಾಗ, ಎಲ್ಲಿ, ಏನಾಯಿತು, ಅವರು ಏನು ಮಾಡಿದರು. ಅದು ಬಾಯಿಗೆ ಬರುವವರೆಗೂ ಬೀಜ ಕೈಯಲ್ಲೇ ಇರಬೇಕು.

ಇದು ತಾನಾಗಿ ಬರುವುದಿಲ್ಲ, ಆಡಿಸುವವರು ಬಿಡಿಸಿ ಬಿಡಿಸಿ ಕೇಳಬೇಕು. ಹೋದ ವರ್ಷದ ಒಂದು ಆಟದಲ್ಲಿ ನಡೆದದ್ದನ್ನು ಹಾಗೇ ಹೇಳುತ್ತೇನೆ.

"ಇವ್ಳು ಒಳ್ಳೇವ್ಳು ಕಣಕ್ಕ."

"ಏನು ಮಾಡ್ದಾಗ ಹಂಗನ್ನಿಸ್ತು?"

"ಯಾವಾಗ್ಲೂ ಹಂಗೇಯ."

"ಯಾವಾಗ್ಲೂ ಬ್ಯಾಡ. ಒಂದು ದಿನದ್ದು ಹೇಳು, ನೀನೇ ನೋಡಿದ್ದು."

ಸುಮ್ಮನಾದಳು. ಇಲ್ಲಿ ಆಡಿಸುವವರೂ ಸುಮ್ಮನಿರಬೇಕು. ನಾನು ಮನಸ್ಸಿನಲ್ಲೇ ಇಪ್ಪತ್ತರವರೆಗೆ ಎಣಿಸುತ್ತೇನೆ. ಹದಿನೈದಕ್ಕೆ ಹೇಳಿದಳು: "ನನ್ನ ಮಗೀಗೆ ರಾತ್ರಿ ಜ್ವರ ನೆತ್ತಿಗೇರ್ತು. ನಮ್ಮೋರು ಊರಲ್ಲಿರ್ಲಿಲ್ಲ. ಇವ್ಳು ಮೂರು ಮನೆ ಬಾಗ್ಲು ಬಡ್ದು ಆಟೋದೋನ್ನ ಎಬ್ಬಿಸ್ಕಂಡು ಬಂದ್ಲು. ಅವ್ನು ಐನೂರು ಕೇಳ್ದ. ನಿನ್ ಮಗೀಗಾದ್ರೆ ಎಷ್ಟು ಕೊಡ್ತಿದ್ಯೋ ಅಷ್ಟೇ ಈಸ್ಕ ಅಂದ್ಲು. ಇನ್ನೂರೈವತ್ತಕ್ಕೆ ಬಂದ."

ಒಳ್ಳೆಯವಳು ಅನ್ನುವ ಮಾತಿನಿಂದ ಸಂಘಕ್ಕೆ ಏನೂ ಉಪಯೋಗ ಇರಲಿಲ್ಲ. ಈ ರಾತ್ರಿಯ ಕಥೆಯಲ್ಲಿ ಎರಡು ಕೆಲಸಕ್ಕೆ ಬರುವ ವಿಷಯ ಇವೆ. ಹೊತ್ತಲ್ಲದ ಹೊತ್ತಿನಲ್ಲಿ ಬಾಗಿಲು ಬಡಿಯಲು ಅಂಜುವುದಿಲ್ಲ, ಜಗಳ ಆಡದೆ ರೇಟು ಇಳಿಸುತ್ತಾಳೆ. ನೋಟ್‌ಬುಕ್ಕಿನಲ್ಲಿ ಆ ಎರಡನ್ನೂ ಬರೆದುಕೊಂಡೆ. ಗುಣದ ಹೆಸರು ಬರೆಯುವುದಿಲ್ಲ, ಕೆಲಸದ ಹೆಸರು ಬರೆಯುತ್ತೇನೆ.

ತರಬೇತಿಗೆ ಹೋದಾಗ ಜೋಹಾರಿ ಕಿಟಕಿ ಅಂತ ಒಂದು ಹೇಳಿಕೊಟ್ಟಿದ್ದರು. 1955ರಲ್ಲಿ ಅಮೆರಿಕದ ಜೋಸೆಫ್ ಲಫ್ಟ್, ಹ್ಯಾರಿಂಗ್ಟನ್ ಇಂಗಮ್ ಅನ್ನುವ ಇಬ್ಬರು ಮನಶ್ಶಾಸ್ತ್ರಜ್ಞರು ಮಾಡಿದ್ದು, ಇಬ್ಬರ ಹೆಸರಿನ ತುಂಡು ಸೇರಿಸಿ ಜೋಹಾರಿ. ಅದರಲ್ಲಿ 56 ಗುಣವಾಚಕಗಳ ಪಟ್ಟಿ ಇರುತ್ತದೆ. ನೀವು ನಿಮಗೆ ಒಪ್ಪುವುದನ್ನು ಆರಿಸುತ್ತೀರಿ, ಜೊತೆಯವರು ನಿಮಗೆ ಒಪ್ಪುವುದನ್ನು ಆರಿಸುತ್ತಾರೆ. ನಮಗೆ ಕಾಣದೆ ಬೇರೆಯವರಿಗೆ ಕಾಣುವ ಭಾಗ ಒಂದಿದೆ ಅನ್ನುವ ಮಾತು ನನಗೆ ಬಹಳ ಹಿಡಿಸಿತು, ಈ ಆಟದ ಬೇರು ಅದೇ. ಆದರೆ ಪಟ್ಟಿಯಿಂದ ಗುಣ ಆರಿಸುವುದು ನಮ್ಮ ಜಮಖಾನದ ಮೇಲೆ ನಡೆಯಲಿಲ್ಲ. ಎಲ್ಲರೂ ಎಲ್ಲರಿಗೂ "ತಾಳ್ಮೆ" ಅಂದುಬಿಟ್ಟರು. ಹೆಂಗಸರಿಗೆ ತಾಳ್ಮೆ ಅಂತ ಹೇಳುವುದು ನಮ್ಮಲ್ಲಿ ಅರಿಶಿನ ಕುಂಕುಮ ಕೊಟ್ಟಹಾಗೆ, ಯಾರಿಗೂ ತಪ್ಪಿಸುವಹಾಗಿಲ್ಲ.

ಕೇಳುವವರಿಗೂ ಒಂದು ಕಟ್ಟಳೆ ಇದೆ. ತಮ್ಮ ಬಗ್ಗೆ ಹೇಳುವಾಗ "ಹೂಂ" ಅನ್ನಬಹುದು, ಬೇರೇನೂ ಅನ್ನಬಾರದು. "ಅಯ್ಯೋ ಅದೇನು ಮಹಾ", "ಯಾರಾದ್ರೂ ಮಾಡ್ತಿದ್ರು ಬಿಡಿ" ಅಂದರೆ ದಂಡ, ಎಲ್ಲರಿಗೂ ಟೀ ಕಾಯಿಸುವುದು. ದಂಡ ಕಟ್ಟದೆ ಒಂದು ಆಟವೂ ಮುಗಿದಿಲ್ಲ.

ಕೆಲವು ಸಲ ಹೇಳಬೇಕಾದವರಿಗೆ ನಿಜವಾಗಿಯೂ ಏನೂ ಗೊತ್ತಿರುವುದಿಲ್ಲ. ಹತ್ತು ವರ್ಷ ಒಂದೇ ಸಂಘದಲ್ಲಿದ್ದೂ ಈ ಬೀದಿಯವರು ಆ ಬೀದಿಯವರ ಹೊಸ್ತಿಲು ದಾಟಿರುವುದಿಲ್ಲ. ಯಾಕೆ ಅಂತ ಹಳ್ಳಿಯಲ್ಲಿ ಇದ್ದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆಗ ಕಥೆ ಕಟ್ಟಿಸಬೇಡಿ. "ನಂಗೊತ್ತಿಲ್ಲ" ಅನ್ನುವುದನ್ನು ಒಪ್ಪಿಕೊಂಡು, ಹೇಳಬೇಕಾದವರಿಂದಲೇ ಎದುರಿನವರಿಗೆ ಒಂದು ಪ್ರಶ್ನೆ ಕೇಳಿಸಿ: "ಹೋದ ತಿಂಗಳು ನಿಮ್ಮನ್ನ ಹುಡುಕ್ಕೊಂಡು ಯಾರು ಬಂದಿದ್ರು, ಏನು ಕೇಳ್ಕೊಂಡು ಬಂದಿದ್ರು?" ನಿಮಗೆ ಏನು ಬರುತ್ತೆ ಅಂದರೆ ಏನೂ ಇಲ್ಲ ಅನ್ನುವವರು ಈ ಪ್ರಶ್ನೆಗೆ ಪಟ್ಟನೆ ಉತ್ತರ ಕೊಡುತ್ತಾರೆ. ಒಬ್ಬರು ಹೇಳಿದರು, "ಮೂರು ಮನೆಯೋರು ಬಂದಿದ್ರು, ಕರ ಹಾಲು ಕುಡೀತಿಲ್ಲ ಅಂತ." ಊರಿನ ಅರ್ಧ ಕರುಗಳನ್ನು ಬದುಕಿಸಿದ ಹೆಂಗಸು ಅವರು ಅಂತ ನಮಗೆ ಅವತ್ತೇ ತಿಳಿದದ್ದು. ಮುಂದಿನ ವರ್ಷ ಒಕ್ಕೂಟದಲ್ಲಿ ಪಶುಸಖಿ, ಅಂದರೆ ದನಕರುಗಳ ಆರೈಕೆಗೆ ನೆರವಾಗುವವರ, ಆಯ್ಕೆ ಬಂದಾಗ ಅವರ ಹೆಸರೇ ಹೋಯಿತು.

ನಮ್ಮ ಸಂಘದ ಆಟದಲ್ಲಿ ಅಜ್ಜಿಯ ಹುಣಸೆ ಕಥೆ ಮೂರನೇ ಸುತ್ತಿನಲ್ಲಿ ಬಂತು. ಹೇಳಿದವಳು ಅಜ್ಜಿಯ ಜೊತೆ ಕೂಲಿಗೆ ಹೋಗುತ್ತಿದ್ದ ಚಿಕ್ಕ ವಯಸ್ಸಿನ ಹುಡುಗಿ. "ಅಜ್ಜಿ ಮೂಟೇಗೆ ಕೈಯಿಟ್ರೆ ಸಾಕು, ಯಾವ ಮರದ ಹಣ್ಣು ಅಂತ ಹೇಳ್ತದೆ" ಅಂದಳು. ಯಾರೂ ನಂಬಲಿಲ್ಲ. ಆಟ ಅಲ್ಲೇ ನಿಲ್ಲಿಸಿ ಎರಡು ಮನೆಯಿಂದ ಎರಡು ಉಂಡೆ ಹುಣಸೆಹಣ್ಣು ತರಿಸಿದೆ. ಒಂದಕ್ಕೆ ನಾನೇ ಒಳಗೆ ಹೋಗಿ ಸ್ವಲ್ಪ ನೀರು ಚಿಮುಕಿಸಿ ಬಟ್ಟೆಯಲ್ಲಿ ಒತ್ತಿ ತಂದೆ. ಅಜ್ಜಿ ಮೊದಲು ಹೆಬ್ಬೆರಳಿನಲ್ಲಿ ಅದುಮಿದರು, ಬೆರಳು ಎತ್ತಿ ನೋಡಿಕೊಂಡರು. ಆಮೇಲೆ ಉಂಡೆಯನ್ನು ಮುರಿದು ಒಳಗಿನ ಎಳೆ ಎಳೆದರು, ಮೂಸಿದರು. ನಾನು ತಂದದ್ದನ್ನು ಪಕ್ಕಕ್ಕೆ ತಳ್ಳಿ, "ಇದ್ಕೆ ನೀರು ಮುಟ್ಟಿಸಿದೀರ. ಮ್ಯಾಲೆ ಮೆತ್ತಗೈತೆ, ಒಳಗೆ ಗರುಗು. ಹಸಿ ಹಣ್ಣಾದ್ರೆ ಒಳಗೂ ಹೊರಗೂ ಒಂದೇ ಸಮ ಇರ್ತದೆ" ಅಂದರು. ಪ್ರತಿನಿಧಿ ಆ ಉಂಡೆ ತೆಗೆದುಕೊಂಡು ತಾವೂ ಅದುಮಿ ನೋಡಿದರು. ಸ್ವಲ್ಪ ಹೊತ್ತು ಬಿಟ್ಟು, "ಇದನ್ನ ಆವತ್ತು ಹೇಳ್ಬಾರ್ದಾಗಿತ್ತಾ ಅಜ್ಜಿ" ಅಂದರು. ಅಜ್ಜಿ "ಹೂಂ" ಅಂದರು. ಕಟ್ಟಳೆ ಪ್ರಕಾರ ಅಷ್ಟೇ ಅನ್ನಬೇಕಾಗಿತ್ತಲ್ಲ.

ಮೂರು ಸುತ್ತು ಮುಗಿದಮೇಲೆ ಟೀ. ಟೀ ಕುಡಿಯುತ್ತಾ ನಡುವೆ ರಂಗೋಲಿ ಪುಡಿಯಲ್ಲಿ ದೊಡ್ಡ ವೃತ್ತ ಬರೆದು, ಸಂಘದ ಮುಂದಿರುವ ಕೆಲಸಗಳನ್ನು ಅದರೊಳಗೆ ಗುರುತು ಹಾಕುತ್ತೇವೆ. ಅಕ್ಷರ ಬೇಡ, ಚಿತ್ರ ಸಾಕು. ತಕ್ಕಡಿ ಅಂದರೆ ಕೊಳ್ಳುವುದು ಮಾರುವುದು, ಪುಸ್ತಕ ಅಂದರೆ ಲೆಕ್ಕ, ಬಸ್ಸು ಅಂದರೆ ಬ್ಯಾಂಕು, ಆಫೀಸು ಓಡಾಟ, ಎರಡು ಜಡೆ ಎಳೆದಾಡುವ ಹಾಗೆ ಬರೆದರೆ ಜಗಳ ಬಿಡಿಸುವುದು. ಈ ಕೊನೆಯದನ್ನು ಬಿಡಬೇಡಿ. ಯಾವ ಸಂಘದಲ್ಲೂ ಇದು ಕೆಲಸ ಅಂತ ಲೆಕ್ಕಕ್ಕೇ ಬರುವುದಿಲ್ಲ, ಆದರೆ ಅದನ್ನು ಮಾಡುವವರು ಒಬ್ಬರು ಇಲ್ಲದೆ ಸಂಘ ಉಳಿಯುವುದಿಲ್ಲ.

ಈಗ ಪ್ರತಿಯೊಬ್ಬರೂ ತಮ್ಮ ಚಿಪ್ಪಿನ ಮೂರು ಬೀಜ ನೋಡಿಕೊಂಡು, ಸಂಘಕ್ಕೆ ಯಾವುದನ್ನು ಕೊಡಲು ಮನಸ್ಸಿದೆಯೋ ಅದನ್ನು ಚಿತ್ರದ ಮೇಲೆ ಇಡಬೇಕು. ಕೊಡಲು ಮನಸ್ಸಿಲ್ಲದ್ದನ್ನು ಚಿಪ್ಪು ಬೋರಲು ಹಾಕಿ ಅಡಿಯಲ್ಲಿ ಮುಚ್ಚಿಡಬಹುದು, ಕಾರಣ ಹೇಳಬೇಕಾಗಿಲ್ಲ. ಇದನ್ನು ನಾನು ಎರಡನೇ ವರ್ಷ ಸೇರಿಸಿದೆ. ಒಬ್ಬ ಅಕ್ಕನಿಗೆ ಮೂರಕ್ಕೆ ಮೂರೂ ಅಡುಗೆಯ ಕಥೆಯೇ ಬಂದಿತ್ತು. ಒಬ್ಬಟ್ಟು ಚೆನ್ನಾಗಿ ತಟ್ಟುತ್ತಾರೆ, ನೂರು ಜನಕ್ಕೆ ಅಳತೆ ತಪ್ಪದೆ ಸಾರು ಮಾಡುತ್ತಾರೆ. ನಿಜವೇ. ಹಾಗಂತ ಒಕ್ಕೂಟದ ಯಾವ ಸಭೆಯಾದರೂ ಅವರು ಒಲೆ ಮುಂದೆ, ಉಳಿದವರು ವೇದಿಕೆ ಮುಂದೆ. ಅವರು ಮೂರೂ ಬೀಜ ಮುಚ್ಚಿಟ್ಟು, "ನಾನು ಪಿಯುಸಿ ಕಾಮರ್ಸ್ ಓದ್ದೋಳು, ಲೆಕ್ಕ ಬರ್ಕೊಡ್ತೀನಿ" ಅಂದರು. ಅವರು ಪಿಯುಸಿ ಓದಿದ್ದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಈಗ ನಮ್ಮ ಸಂಘದ ಪುಸ್ತಕ ಅವರದ್ದೇ, ನನ್ನ ಬರವಣಿಗೆಗಿಂತ ಚೊಕ್ಕ. ಅಂದಿನಿಂದ ಎಲ್ಲರಿಗೂ ಒಂದು ಬೀಜ ಹೆಚ್ಚಿಗೆ ಕೊಡುತ್ತೇನೆ, ಯಾರೂ ನೋಡಿರದ, ತಮಗೇ ಗೊತ್ತಿರುವ ಒಂದು ವಿಷಯಕ್ಕೆ. ಮೊದಲೇ ಕೇಳಿದ್ದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೂರು ಸಲ ಬೇರೆಯವರ ಬಾಯಲ್ಲಿ ಕೇಳಿದಮೇಲೆ ಬಿಡುತ್ತಾರೆ.

ಹಂಚುವಾಗ ಒಂದು ಕೆಲಸಕ್ಕೆ ಇಬ್ಬರು, ಬರುವವರು ಒಬ್ಬರು, ಕಲಿಯುವವರು ಒಬ್ಬರು. ತಕ್ಕಡಿಗೆ ಅಜ್ಜಿ, ಜೊತೆಗೆ ಆಟೋದವನನ್ನು ಒಪ್ಪಿಸಿದವಳು. ಅಜ್ಜಿ ಅದುಮಿ ನೋಡುವುದು, ಇವಳು ರೇಟು ಮಾತಾಡುವುದು. ನಮ್ಮ ಪ್ರತಿನಿಧಿಗೆ ಬಸ್ಸಿನ ಚಿತ್ರ ಬಂತು, ಆಫೀಸಿನಲ್ಲಿ ಗಂಟೆಗಟ್ಟಲೆ ಕೂತು ಕೆಲಸ ಮಾಡಿಸಿಕೊಂಡು ಬರುವುದರಲ್ಲಿ ಅವರನ್ನು ಮೀರಿಸುವವರಿಲ್ಲ. ಇದೆಲ್ಲ ಅವತ್ತೇ ನಡಾವಳಿ ಪುಸ್ತಕಕ್ಕೆ ಏರಬೇಕು: ಯಾರು, ಏನು, ಯಾವ ತಾರೀಕಿನವರೆಗೆ. ನಾವು ಮೂರು ತಿಂಗಳು ಅಂತ ಇಡುತ್ತೇವೆ. ಸಹಿ, ಹೆಬ್ಬೆಟ್ಟು ಬೀಳದೆ ಯಾರೂ ಏಳಬಾರದು. ನಾಳೆ ಬರೆಯೋಣ ಅಂದ ಸಂಘಗಳಲ್ಲಿ ಹೊಗಳಿಕೆ ಉಳಿಯಿತು, ಕೆಲಸ ಹಳೆಯವರ ತಲೆಗೇ ಬಂತು.

ಇಪ್ಪತ್ತಕ್ಕಿಂತ ಹೆಚ್ಚು ಜನ ಇದ್ದರೆ ಎರಡು ವೃತ್ತ ಮಾಡಿ. ಹೊಸ ಸಂಘಕ್ಕೆ ಆರು ತಿಂಗಳಾದರೂ ಆಗಲಿ, ಒಬ್ಬರನ್ನೊಬ್ಬರು ನೋಡಿಯೇ ಇಲ್ಲದವರು ಏನು ತಾನೇ ಹೇಳುತ್ತಾರೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ನನ್ನ ಮಗಳು ತನ್ನ ಆಫೀಸಿನ ಎಂಟು ಜನಕ್ಕೆ ಊಟದ ಹೊತ್ತಿನಲ್ಲಿ ಆಡಿಸಿದಳಂತೆ. ಹುಣಸೆ ಬೀಜ ಸಿಗದೆ ಹುರಿದ ಕಡ್ಲೆಬೀಜ ತಂದಿದ್ದಳು. ಎರಡನೇ ಸುತ್ತಿಗೆ ಬೀಜವೇ ಇರಲಿಲ್ಲ, ತಿಂದುಬಿಟ್ಟಿದ್ದರು.

ಬೀಜಗಳನ್ನು ಎಸೆಯಬೇಡಿ. ತೊಳೆದು, ಒಂದು ಬಿಸಿಲು ಒಣಗಿಸಿ ಡಬ್ಬಕ್ಕೆ ಹಾಕಿಟ್ಟರೆ ವರ್ಷಗಟ್ಟಲೆ ಬರುತ್ತವೆ. ಆಟ ಮುಗಿದಾಗ ಎಣಿಸಿಕೊಳ್ಳಿ. ನಮ್ಮ ಡಬ್ಬದಲ್ಲಿ 48 ಇದ್ದವು, ಈಗ 41 ಇವೆ. ಉಳಿದದ್ದನ್ನು ಪಕ್ಕದ ಮನೆ ಹುಡುಗರು ಒಂದು ಮಗ್ಗುಲು ತೇಯ್ದು ಚೌಕಾಬಾರಕ್ಕೆ ಇಟ್ಟುಕೊಂಡಿದ್ದಾರೆ. ಹೊಸ ಹುಣಸೆ ಬರುವವರೆಗೆ ಕೊರತೆ ಬಿದ್ದ ಏಳಕ್ಕೆ ಅವರೆಕಾಳು ಸೇರಿಸಿ ಆಡುತ್ತಿದ್ದೇವೆ.